ದೊಡ್ಡವ್ವನ ಮಗ್ಗದ ಮೇಲೆ ಒಂದು ಹಾಡು: ಸ್ಟೋರಿಬೋರ್ಡ್ ಎಲ್ಲಿಂದ ಶುರು ಮಾಡಲಿ?

ಇಳಕಲ್ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಊರು ಇಳಕಲ್. ಐದು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ. ಹಾಡು ಬರೆಯುತ್ತೇನೆ, ಹಾಡುತ್ತೇನೆ. ನಾವು ಮೂರು ಜನ ಗೆಳೆಯರು ಸೇರಿ ಒಂದು ಹಾಡು ರೆಕಾರ್ಡ್ ಮಾಡಿದ್ದೇವೆ. ನನ್ನ ದೊಡ್ಡವ್ವನ ಬಗ್ಗೆ ಬರೆದ ಹಾಡು ಅದು.

ದೊಡ್ಡವ್ವನಿಗೆ ಈಗ 63. ಹನ್ನೆರಡನೇ ವಯಸ್ಸಿಗೇ ಮಗ್ಗದ ಕುಣಿಗೆ, ಅಂದರೆ ಕಾಲಿಳಿಸಿ ಕೂತು ನೇಯುವ ಗುಂಡಿಗೆ ಇಳಿದವಳು. ನಮ್ಮವ್ವ ಕೂಲಿಗೆ ಹೋದಾಗ ನನ್ನನ್ನು ಮಗ್ಗದ ಪಕ್ಕದಲ್ಲೇ ಕೌದಿ ಹಾಸಿ ಮಲಗಿಸುತ್ತಿದ್ದಳು. ಅಡ್ಡ ಎಳೆ ಒಯ್ಯುವ ಲಾಳಿ ನಿಂತರೆ ನನಗೆ ಎಚ್ಚರ ಆಗುತ್ತಿತ್ತಂತೆ. ಹಾಡಿನ ತಾಳ ಹುಟ್ಟಿದ್ದೇ ಆ ಸದ್ದಿನಿಂದ.

ಹಾಡು ಸರಿಯಾಗಿ 4 ನಿಮಿಷ. ವೇಗ 96 ಬಿಪಿಎಂ, ಅಂದರೆ ನಿಮಿಷಕ್ಕೆ 96 ಬೀಟ್. ನಮ್ಮ ಹತ್ತಿರ ಇರುವ ದುಡ್ಡು 45,000 ರೂಪಾಯಿ. ಗೆಳೆಯನ ಒಂದು ಕ್ಯಾಮೆರಾ, ಎರಡು ಫೋನು. ಎರಡು ದಿನದಲ್ಲಿ ಮುಗಿಸಬೇಕು. ಏಪ್ರಿಲ್‌ನಲ್ಲಿ ರಜೆ ಸಿಗುತ್ತದೆ, ಆಗ ಶೂಟ್ ಮಾಡೋಣ ಅಂತ ಇದ್ದೇವೆ. ಮಗ್ಗದ ಮನೆ, ನಮ್ಮ ಓಣಿ, ಊರಾಚೆ ಜೋಳದ ಹೊಲ, ಇಷ್ಟು ಜಾಗ.

ಸ್ಟೋರಿಬೋರ್ಡ್, ಅಂದರೆ ಪ್ರತಿ ಶಾಟನ್ನೂ ಒಂದೊಂದು ಚೌಕದಲ್ಲಿ ಬಿಡಿಸಿಟ್ಟುಕೊಳ್ಳುವುದು, ಮಾಡಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. 80 ಚೌಕ ಇರುವ ಹಾಳೆ ಪ್ರಿಂಟ್ ಹಾಕಿಸಿ ಕೂತೆ. 11 ಚೌಕ ತುಂಬಿಸಿದೆ. ಮಗ್ಗ, ಲಾಳಿ, ನನ್ನ ಮುಖ, ಹೊಲ, ಮತ್ತೆ ಲಾಳಿ. ಅಲ್ಲಿಗೆ ನಿಂತುಹೋಯಿತು. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಆದರೆ ನಿಂತಿದ್ದು ಅದಕ್ಕಲ್ಲ ಅನಿಸುತ್ತಿದೆ. ಏನು ತೋರಿಸಬೇಕು ಅನ್ನುವುದೇ ಹೊಳೆಯುತ್ತಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಎರಡು ವರ್ಷದ ಹಿಂದೆ ಯಾವುದೋ ಒಂದು ತಂಡ ನಮ್ಮ ಓಣಿಗೆ ಬಂದಿತ್ತು. ದೊಡ್ಡವ್ವನನ್ನು ಇಡೀ ದಿನ ಮಗ್ಗದಲ್ಲಿ ಕೂರಿಸಿ, "ಇನ್ನೊಮ್ಮೆ ಲಾಳಿ ಒಗೀರಿ, ಇನ್ನೊಮ್ಮೆ" ಅಂತ ಮಾಡಿಸಿದರು. ಬಿಸಿ ಲೈಟಿಗೆ ಎಳೆ ಹರಿದವು. ಒಂದು ರೂಪಾಯಿ ಕೊಡದೆ ಹೋದರು. ನಾನು ಈ ಹಾಡಿನ ವಿಷಯ ಹೇಳಿದಾಗ ಅವಳು ಅಂದಿದ್ದು ಇಷ್ಟೇ: "ಎಲ್ಲಾರೂ ಬಂದು ಲಾಳಿ ಒಗಿಯೋದಷ್ಟ ತಗೊಂಡ ಹೋಗ್ತಾರ. ಕೊಂಡಿ ಹಾಕೋದು ಯಾರೂ ನೋಡಂಗಿಲ್ಲ ನೋಡವಾ."

ಕೊಂಡಿ ಅಂದರೆ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಸೇರಿಸುವ ಕೆಲಸ. ನಾನು ಆ ತಂಡದ ಹಾಗೆ ಮಾಡಬಾರದು. ದಯವಿಟ್ಟು ತಿಳಿದವರು ಹೇಳಿ. ಸ್ಟೋರಿಬೋರ್ಡ್, ಶೂಟಿಂಗ್ ಸ್ಕ್ರಿಪ್ಟ್ ಎರಡೂ ಒಂದೇನಾ? ಎಲ್ಲಿಂದ ಶುರು ಮಾಡಲಿ?

ಅಸೋಸಿಯೇಟ್ ಬರೆದದ್ದು:

ತಂಗಿ, ನಿಮ್ಮ ದೊಡ್ಡವ್ವ ಒಂದೇ ಮಾತಿನಲ್ಲಿ ನಿಮ್ಮ ವಿಡಿಯೋ ಹೇಳಿಬಿಟ್ಟಿದ್ದಾರೆ. ನಿಮ್ಮ 11 ಚೌಕದಲ್ಲಿ ಕೊಂಡಿ ಇದೆಯಾ? ಇಲ್ಲ. ಅದಕ್ಕೇ ಕೈ ನಿಂತಿದೆ.

ನಾನು ಬೆಂಗಳೂರಿನಲ್ಲಿ 14 ವರ್ಷದಿಂದ ಮೊದಲು ಅಸಿಸ್ಟೆಂಟ್, ಆಮೇಲೆ ಅಸೋಸಿಯೇಟ್ ಡೈರೆಕ್ಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಹಾಡುಗಳೇ ಜಾಸ್ತಿ. ಗೊತ್ತಿರುವಷ್ಟು ಬರೆಯುತ್ತೇನೆ. ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ಮೊದಲು ಒಂದು ಅನುಭವ. ಕೆಲವು ವರ್ಷದ ಹಿಂದೆ ಮಲೆನಾಡಿನ ಒಂದು ಹಳೇ ಮನೆಯಲ್ಲಿ ಹಾಡು ಶೂಟ್ ಇತ್ತು. ಒಳ್ಳೇ ಕಲಾವಿದರಿಂದ 70 ಚೌಕದ ಸ್ಟೋರಿಬೋರ್ಡ್ ಬರೆಸಿದ್ದೆವು. ಗೋಡೆಗೆ ಹಾಕುವಷ್ಟು ಚೆಂದ ಇತ್ತು. ಆದರೆ ಬರೆದವರೂ ನಾನೂ ಆ ಮನೆ ನೋಡಿರಲಿಲ್ಲ, ಫೋಟೋ ನೋಡಿದ್ದೆವು ಅಷ್ಟೇ. ಹೋಗಿ ನೋಡಿದರೆ ಅಂಗಳದ ಬಾಗಿಲು ಪಶ್ಚಿಮಕ್ಕೆ. ನಾವು ಬೆಳಗಿನ ಬಿಸಿಲು ಒಳಗೆ ಬೀಳುವಂತೆ ಒಂದು ಚರಣ ಪೂರ್ತಿ ಬರೆದಿದ್ದೆವು. ಮಧ್ಯಾಹ್ನದವರೆಗೆ ಒಂದು ಶಾಟೂ ಆಗಲಿಲ್ಲ. ಕ್ಯಾಮೆರಾಮನ್ ಸುಮ್ನೆ ಜಗುಲಿಯ ಮೇಲೆ ಕೂತಿದ್ದರು. ಆ ಅರ್ಧ ದಿನ ಕಳೆದದ್ದು ನನ್ನ ತಪ್ಪಿನಿಂದ. ರೆಕ್ಕಿಗೆ, ಅಂದರೆ ಮೊದಲೇ ಜಾಗ ನೋಡಿ ಬರಲು, ಹೋಗಬೇಕಾದವನು ನಾನೇ ಆಗಿದ್ದೆ.

ಹಾಗಾಗಿ ಬೆಂಗಳೂರಿನ ರೂಮಿನಲ್ಲಿ ಕೂತು ಬರೆಯಬೇಡಿ. ಊರಿಗೆ ಹೋಗಿ. ಕ್ಯಾಮೆರಾ ಬೇಡ. ಒಂದು ನೋಟ್‌ಬುಕ್, ಒಂದು ಫೋನು ಸಾಕು. ಒಂದು ಇಡೀ ದಿನ ದೊಡ್ಡವ್ವನ ಪಕ್ಕ ಕೂತು ನೋಡಿ. ಕಿಟಕಿಯಿಂದ ಬಿಸಿಲು ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೋಗುತ್ತದೆ, ಗಡಿಯಾರ ನೋಡಿ ಬರೆದುಕೊಳ್ಳಿ. ಒಂದು ನಿಮಿಷಕ್ಕೆ ಲಾಳಿ ಎಷ್ಟು ಸಲ ಓಡುತ್ತದೆ ಎಣಿಸಿ. ಇದು ಯಾಕೆ ಬೇಕು ಅಂತ ಆಮೇಲೆ ಹೇಳುತ್ತೇನೆ.

ಹೋಗುವ ಮುಂಚೆ ಮಾಡಬೇಕಾದ ಕೆಲಸ ಒಂದೇ, ಹಾಡನ್ನು ಅಳತೆ ಮಾಡುವುದು. ನಿಮ್ಮದು 96 ಬಿಪಿಎಂ. ಒಂದು ಬೀಟ್ 0.625 ಸೆಕೆಂಡ್. ನಾಲ್ಕು ಬೀಟಿನ ಒಂದು ಬಾರ್ 2.5 ಸೆಕೆಂಡ್. 4 ನಿಮಿಷಕ್ಕೆ ಸರಿಯಾಗಿ 96 ಬಾರ್. ಒಂದು ಉದ್ದ ಹಾಳೆಯಲ್ಲಿ 96 ಮನೆ ಗೆರೆ ಹಾಕಿ. ಶುರುವಿನ ಬಿಜಿಎಂ (ಸಾಹಿತ್ಯವಿಲ್ಲದ ಬರೀ ವಾದ್ಯದ ಭಾಗ) ಎಲ್ಲಿವರೆಗೆ, ಪಲ್ಲವಿ ಎಲ್ಲಿವರೆಗೆ, ಚರಣ ಎಲ್ಲಿ, ಎರಡನೇ ಬಿಜಿಎಂ ಎಲ್ಲಿ, ಬಣ್ಣದ ಪೆನ್ನಿನಲ್ಲಿ ತುಂಬಿ. ಕೆಳಗೆ ಸಾಹಿತ್ಯ ಬರೆಯಿರಿ. ನೀವು ಎಷ್ಟೇ ಚೆಂದದ ಶಾಟ್ ಯೋಚಿಸಿದರೂ ಅದು ಈ 96 ಮನೆಯೊಳಗೇ ಕೂರಬೇಕು. ನೀವು ಪ್ರಿಂಟ್ ಹಾಕಿಸಿದ 80 ಚೌಕದ ಹಾಳೆಗೆ ನಿಮ್ಮ ಹಾಡು ಗೊತ್ತಿಲ್ಲ. ಈ ಹಾಳೆಗೆ ಗೊತ್ತು.

ಈಗ ಮುಖ್ಯ ವಿಷಯ. ಶಾಟ್ ಯೋಚಿಸುವಾಗ ಎಲ್ಲರೂ ಮೊದಲ ಶಾಟ್‌ನಿಂದ ಶುರು ಮಾಡುತ್ತಾರೆ. ನಾನು ಮತ್ತೆ ಸಿಗದ ಶಾಟ್‌ನಿಂದ ಶುರು ಮಾಡುತ್ತೇನೆ. ಲಾಳಿ ಓಡುವುದು ದಿನಕ್ಕೆ ಸಾವಿರ ಸಲ ಸಿಗುತ್ತದೆ. ಕೊಂಡಿ? ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಚಾಚಿದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳಿಗೂ ಕುಣಿಕೆ ಹಾಕಿ ಸೇರಿಸಿಕೊಳ್ಳುವುದೇ ಕೊಂಡಿ, ಅಲ್ವಾ? ಒಂದು ಸೀರೆಗೆ ಒಂದೇ ಸಲ. "ಇನ್ನೊಮ್ಮೆ ಹಾಕಿ" ಅಂತ ಕೇಳಲು ಆಗುವುದಿಲ್ಲ, ಕೇಳಲೂಬಾರದು. ಅಂದ ಮೇಲೆ ನಿಮ್ಮ ಶೂಟಿನ ದಿನ ಗೊತ್ತು ಮಾಡಬೇಕಾದದ್ದು ನಿಮ್ಮ ರಜೆಯಲ್ಲ. ದೊಡ್ಡವ್ವನ ಕೊಂಡಿ.

ಜೋಳದ ಹೊಲ ಕೂಡ ಹಾಗೇ. ನೀವು ಏಪ್ರಿಲ್ ಅಂದಿರಿ. ಹಿಂಗಾರಿ ಜೋಳ ಫೆಬ್ರವರಿಯಿಂದಲೇ ಕೊಯ್ಲಿಗೆ ಬರುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಕೂಳೆ ಸಿಗುತ್ತದೆ, ತೆನೆ ಸಿಗುವುದಿಲ್ಲ. ನಿಮ್ಮ ಸೆರಗಿಗೆ ಟೋಪ ತೆನಿ ಅಂತ ಹೆಸರು. ಆ ತೆನೆಯಿಂದ ಹೊಲದ ತೆನೆಗೆ ಒಂದು ಕಟ್ ಇಟ್ಟರೆ ಎಷ್ಟು ಚೆಂದ! ಅದಕ್ಕೆ ಸೀತನಿ, ಅಂದರೆ ಎಳೇ ಜೋಳದ ತೆನೆ, ತಿನ್ನುವ ಕಾಲಕ್ಕೆ ಹೋಗಬೇಕು. ಎಳ್ಳ ಅಮಾವಾಸ್ಯೆಯ ಆಸುಪಾಸು.

ಸತ್ಯಜಿತ್ ರಾಯ್ ಅವರಿಗೆ ಆದದ್ದು ಕೇಳಿದ್ದೀರಾ? 1952ರ ಅಕ್ಟೋಬರ್‌ನಲ್ಲಿ ಅವರು ಮೊದಲ ಸಿನಿಮಾದ ಶೂಟಿಂಗ್ ಶುರು ಮಾಡಿದರು. ಬಯಲಿನ ತುಂಬಾ ಕಾಶ್ ಹುಲ್ಲಿನ ಬಿಳೀ ಹೂ. ಒಂದು ದಿನ ಕೆಲಸ ಮಾಡಿ, ಮುಂದಿನ ವಾರ ಮತ್ತೆ ಹೋದರೆ ಹೂವೇ ಇಲ್ಲ. ದನ ತಿಂದುಹೋಗಿದ್ದವು. ಆ ದೃಶ್ಯ ಮುಗಿಸಲು ಮುಂದಿನ ವರ್ಷ ಹೂ ಬಿಡುವವರೆಗೆ ಕಾಯಬೇಕಾಯಿತು. ಅವರು ಚಿತ್ರಕಲಾವಿದರು, ಇಡೀ ಸಿನಿಮಾವನ್ನೇ ಚಿತ್ರಗಳಲ್ಲಿ ಬಿಡಿಸಿಟ್ಟುಕೊಂಡಿದ್ದವರು. ಅವರಿಗೇ ಹೀಗಾಯಿತು. ನಮಗೆ ಒಂದು ವರ್ಷ ಕಾಯುವ ಶಕ್ತಿ ಇಲ್ಲ. ಹಾಗಾಗಿ ಹೊಲದವರನ್ನು ಕೇಳಿ, ಯಾವಾಗ ಕೊಯ್ಯುತ್ತಾರೆ ಅಂತ ಹಾಳೆಯ ಮೂಲೆಯಲ್ಲಿ ಬರೆದಿಡಿ.

ಚಿತ್ರ ಬಿಡಿಸಲು ಬರುವುದಿಲ್ಲ ಅಂದಿರಿ. ಬೇಕಾಗಿಲ್ಲ. ರೆಕ್ಕಿಯ ದಿನ ಯಾವ ಜಾಗದಿಂದ ನೋಡಿದಾಗ ನಿಮಗೆ ಮೈ ಜುಮ್ಮೆನ್ನುತ್ತದೋ ಆ ಜಾಗದಲ್ಲಿ ನಿಂತು ಫೋನಿನಲ್ಲಿ ಫೋಟೋ ತೆಗೆಯಿರಿ. ಒಂದು ಹಾಳೆಗೆ ಆರು ಫೋಟೋ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ. ಜನ ಎತ್ತ ಓಡಾಡುತ್ತಾರೆ ಅಂತ ನೀಲಿ ಬಾಣ. ಕ್ಯಾಮೆರಾ ಎತ್ತ ಸರಿಯುತ್ತದೆ ಅಂತ ಕೆಂಪು ಬಾಣ. ಆ ಎರಡು ಬಾಣ ಕಲೆಸಿದರೆ ಸೆಟ್‌ನಲ್ಲಿ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಹಾಗಾಗಿ ಬಣ್ಣ ಬೇರೆ ಇರಲಿ. ಜತೆಗೆ ಮಗ್ಗದ ಕೋಣೆಯನ್ನು ಮೇಲಿನಿಂದ ನೋಡಿದಂತೆ ಒಂದು ನಕ್ಷೆ: ಕಿಟಕಿ, ಕುಣಿ, ಬಾಗಿಲು, ಕ್ಯಾಮೆರಾ ಇಡುವ ಜಾಗಗಳು. ಇದು ಸ್ಟೋರಿಬೋರ್ಡ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಆ ಫೋಟೋಗಳನ್ನು ಎಡಿಟಿಂಗ್ ಟೈಮ್‌ಲೈನ್‌ನಲ್ಲಿ ಹಾಡಿನ ಮೇಲೆ ಸಾಲಾಗಿ ಇಟ್ಟು ಪ್ಲೇ ಮಾಡಿ. ಇದನ್ನು ಮಾತ್ರ ಬಿಡಬೇಡಿ. ಕಾಗದದಲ್ಲಿ ಚೆಂದ ಕಂಡದ್ದು ಅಲ್ಲಿ ಉದ್ದ ಅನಿಸುತ್ತದೆ. ಎಲ್ಲಿ ನಿಮಗೇ ಬೇಜಾರಾಗುತ್ತದೋ ಅಲ್ಲಿ ಶಾಟ್ ಬದಲಿಸಿ. ಒಂದು ಸಂಜೆಯ ಕೆಲಸ, ಖರ್ಚು ಏನೂ ಇಲ್ಲ.

ಇನ್ನು ಶೂಟಿಂಗ್ ಸ್ಕ್ರಿಪ್ಟ್. ಸ್ಟೋರಿಬೋರ್ಡ್ ಹಾಡಿನ ಕ್ರಮದಲ್ಲಿ ಇರುತ್ತದೆ. ಶೂಟಿಂಗ್ ಸ್ಕ್ರಿಪ್ಟಿನಲ್ಲಿ ಅದೇ ಶಾಟ್‌ಗಳನ್ನು ಕೆಲಸದ ಕ್ರಮದಲ್ಲಿ ಜೋಡಿಸಿ, ಪ್ರತಿ ಶಾಟಿಗೂ ಏನೇನು ಬೇಕು ಅಂತ ಬರೆಯುತ್ತೇವೆ. ನಾಲ್ಕನೇ ನಿಮಿಷದ ಶಾಟೂ ಮೊದಲನೇ ನಿಮಿಷದ ಶಾಟೂ ಒಂದೇ ಕಿಟಕಿಯ ಬಳಿ ಇದ್ದರೆ ಒಟ್ಟಿಗೇ ಮುಗಿಸಬೇಕು. ಶಾಟ್ ನಂಬರು ಮಾತ್ರ ಬದಲಾಯಿಸಬಾರದು. ಬೋರ್ಡಿನಲ್ಲಿ 14 ಇದ್ದದ್ದು ಸ್ಕ್ರಿಪ್ಟಿನಲ್ಲೂ 14, ಕ್ಲ್ಯಾಪ್‌ನಲ್ಲೂ 14, ಎಡಿಟ್‌ನಲ್ಲೂ 14.

ಈಗ ಲಾಳಿ ಎಣಿಸಿ ಅಂದದ್ದಕ್ಕೆ ಬರುತ್ತೇನೆ. ನಿಮ್ಮ ಹಾಡಿನಲ್ಲಿ ಎರಡು ಬೀಟಿಗೆ ಒಂದು ಸಲ ಲಾಳಿ ಓಡಿದರೆ ನಿಮಿಷಕ್ಕೆ 48 ಆಗುತ್ತದೆ. ದೊಡ್ಡವ್ವನ ಕೈ 48ಕ್ಕೆ ಓಡುತ್ತಾ? ಓಡದಿದ್ದರೆ ದಯವಿಟ್ಟು ಸ್ಪೀಕರ್ ಹಾಕಿ ಆ ಬೀಟಿಗೆ ನೇಯಲು ಹೇಳಬೇಡಿ. ಅವರ ಕೈಗೆ ಅದರದ್ದೇ ನಡೆ ಇದೆ. ಅದನ್ನು ಕೆಡಿಸಿದರೆ ಎಳೆ ಹರಿಯುತ್ತದೆ, ಮುಖದಲ್ಲಿ ಗಾಬರಿ ಬರುತ್ತದೆ. ಅವರು ಅವರ ಪಾಡಿಗೆ ನೇಯಲಿ. ವ್ಯತ್ಯಾಸ ಸ್ವಲ್ಪವೇ ಇದ್ದರೆ ಎಡಿಟ್‌ನಲ್ಲಿ ವೇಗ ಸರಿ ಮಾಡಬಹುದು.

ಲಿಪ್ ಸಿಂಕ್ ಶಾಟ್‌ಗೆ, ಅಂದರೆ ನೀವು ಹಾಡಿಗೆ ತುಟಿ ಆಡಿಸುವ ಶಾಟ್‌ಗೆ, ಮಾತ್ರ ಹಾಡು ಜೋರಾಗಿ ಇಡಿ. ಹಾಡಿನ ಮುಂಚೆ ನಾಲ್ಕು ಬೀಟ್ ಟಿಕ್ ಟಿಕ್ ಸದ್ದು ಸೇರಿಸಿದ ಒಂದು ಕಾಪಿ ಮಾಡಿಕೊಳ್ಳಿ, ಇಲ್ಲದಿದ್ದರೆ ಮೊದಲ ಅಕ್ಷರ ಪ್ರತಿಸಲ ತಪ್ಪುತ್ತದೆ. ಕ್ಯಾಮೆರಾದ ಮೈಕ್ ಯಾವತ್ತೂ ಆಫ್ ಮಾಡಬೇಡಿ. ಆ ಕೆಟ್ಟ ಸದ್ದೇ ಎಡಿಟ್‌ನಲ್ಲಿ ಹಾಡು ಜೋಡಿಸಲು ದಾರಿ. ನಮ್ಮ ಯೂನಿಟ್‌ಗಳಲ್ಲಿ ಹಾಡು ನುಡಿಸುವ ಪೆಟ್ಟಿಗೆಗೆ ಇವತ್ತಿಗೂ "ನಾಗ್ರಾ" ಅಂತಲೇ ಕರೆಯುತ್ತಾರೆ. ಅದು ಪೋಲೆಂಡ್ ಮೂಲದ ಕುಡೆಲ್‌ಸ್ಕಿ ಅವರು 1951ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾಡಿದ ಟೇಪ್ ರೆಕಾರ್ಡರಿನ ಹೆಸರು. ಈಗ ಫೋನೂ ಸ್ಪೀಕರೂ ಬಂದಿವೆ, ಆದರೂ "ನಾಗ್ರಾ ಸ್ಟಾರ್ಟ್" ಅಂದಾಗ ನನಗೆ ಮೊದಲ ದಿನದ ಖುಷಿಯೇ ಆಗುತ್ತದೆ.

ಹಾಡುತ್ತಾ ನಿಧಾನವಾಗಿ ನಡೆಯುವ ಸ್ಲೋ ಮೋಷನ್ ಬೇಕಿದ್ದರೆ ಸೆಕೆಂಡಿಗೆ 50 ಫ್ರೇಮಿನಲ್ಲಿ ತೆಗೆದು 25ರಲ್ಲಿ ತೋರಿಸಬೇಕು. ಆಗ ಶೂಟ್ ಮಾಡುವಾಗ ಹಾಡನ್ನು ಎರಡರಷ್ಟು ವೇಗದಲ್ಲಿ ನುಡಿಸಿ, ನೀವೂ ಅಷ್ಟೇ ವೇಗದಲ್ಲಿ ಹಾಡಬೇಕು. ಮನೆಯಲ್ಲಿ ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಹೋಗಿ.

ಕೊನೆಗೆ ನನ್ನ ಅಭಿಪ್ರಾಯ. ದೊಡ್ಡವ್ವನಿಂದ ಹಾಡಿಗೆ ತುಟಿ ಆಡಿಸಬೇಡಿ. ನೀವು ಹಾಡಿ, ಅವರು ನೇಯಲಿ.

ಹುಬ್ಬಳ್ಳಿ ಕ್ಯಾಮೆರಾ ಬರೆದದ್ದು:

ಸರ್ ಎಲ್ಲ ಹೇಳಿದ್ದಾರೆ. ನಾನು ಮದುವೆ, ಜಾತ್ರೆ, ಆಲ್ಬಂ ಹಾಡು ಎಲ್ಲ ತೆಗೆಯುತ್ತೇನೆ. ಕ್ಯಾಮೆರಾ ಕಡೆಯಿಂದ ಶೂಟಿಂಗ್ ಸ್ಕ್ರಿಪ್ಟಿಗೆ ಸೇರಿಸಬೇಕಾದ ಕೆಲವು ಸಂಗತಿ.

ಮಗ್ಗದ ಮನೆಯಲ್ಲಿ ಟ್ಯೂಬ್‌ಲೈಟ್ ಇದ್ದೇ ಇರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್. ಹಾಗಾಗಿ 25 ಫ್ರೇಮಿಗೆ ಶಟರ್ 1/50 ಸೆಕೆಂಡ್ ಇಡಿ, 50 ಫ್ರೇಮಿಗೆ 1/100 ಇಡಿ. 24 ಅಥವಾ 30 ಇಟ್ಟು ಫೋನನ್ನು ಆಟೋಗೆ ಬಿಟ್ಟರೆ ಚಿತ್ರದಲ್ಲಿ ಪಟ್ಟಿ ಪಟ್ಟಿ ಹೊಡೆಯುತ್ತದೆ, ಆಮೇಲೆ ತೆಗೆಯುವುದು ಬಹಳ ಕಷ್ಟ. ಮೂರು ಕ್ಯಾಮೆರಾದಲ್ಲೂ ಒಂದೇ ಫ್ರೇಮ್ ರೇಟ್ ಇರಲಿ. ಫೋನಿಗೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎಲ್ಲ ಲಾಕ್ ಮಾಡಬಹುದು.

ಸಣ್ಣ ಚೌಕಳಿ ಸೀರೆ ದೂರದಿಂದ ತೆಗೆದರೆ ಬಟ್ಟೆಯ ಮೇಲೆ ಅಲೆ ಅಲೆಯಾಗಿ ಬಣ್ಣ ಕುಣಿಯುತ್ತದೆ. ಒಂದು ಸಲ ಮದುವೆ ವಿಡಿಯೋ ಒಂದರಲ್ಲಿ ಇದರಿಂದ ತುಂಬಾ ಕಷ್ಟಪಟ್ಟಿದ್ದೇನೆ. ಎರಡು ಹೆಜ್ಜೆ ಹಿಂದೆ ಮುಂದೆ ಸರಿದರೆ, ಇಲ್ಲ ಕೋನ ಸ್ವಲ್ಪ ಬದಲಿಸಿದರೆ ಹೋಗುತ್ತದೆ. ರೆಕ್ಕಿಗೆ ಹೋದಾಗ ಅದೇ ಸೀರೆ, ಅದೇ ಲೆನ್ಸ್ ಇಟ್ಟು ನೋಡಿ.

ಮತ್ತೊಂದು. ರೀಲ್ಸ್‌ಗೂ ಹಾಕುತ್ತೀರಿ ಅಲ್ವಾ? ಅಡ್ಡ ಫ್ರೇಮಿನಿಂದ ಉದ್ದ ಫ್ರೇಮ್ ಕತ್ತರಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿಯುತ್ತದೆ. ಲಾಳಿ ಎಡದಿಂದ ಬಲಕ್ಕೆ ಓಡುವ ಶಾಟ್ ಅದರಲ್ಲಿ ಸತ್ತೇ ಹೋಗುತ್ತದೆ. 4ಕೆ ನಲ್ಲಿ ತೆಗೆಯಿರಿ. ಸ್ಟೋರಿಬೋರ್ಡಿನ ಪ್ರತಿ ಫೋಟೋದ ಮೇಲೂ ಪೆನ್ಸಿಲಿನಿಂದ ಎರಡು ನಿಂತ ಗೆರೆ ಎಳೆದು, ರೀಲ್ಸ್‌ಗೆ ಯಾವ ಭಾಗ ಅಂತ ಮೊದಲೇ ಗುರುತು ಮಾಡಿ.

ಗುಳೇದಗುಡ್ಡದ ಅಕ್ಕ ಬರೆದದ್ದು:

ನನಗೆ ಕ್ಯಾಮೆರಾ ಗೊತ್ತಿಲ್ಲ ತಂಗಿ. ನಮ್ಮದು ಖಣ (ಕುಪ್ಪಸದ ಬಟ್ಟೆ) ನೇಯುವ ಮನೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗ್ಗವನ್ನು ಕುಣಿಯಲ್ಲಿ ಇಟ್ಟಿರುವುದಕ್ಕೆ ಕಾರಣ ಇದೆ. ಅಲ್ಲಿ ನೆಲದ ತಂಪು ಇರುತ್ತದೆ. ಹಾಸಿನ ಎಳೆಗಳಿಗೆ ಗಂಜಿ ಕೊಟ್ಟಿರುತ್ತಾರೆ. ಒಣ ಬಿಸಿ ತಾಗಿದರೆ ಎಳೆ ಪಟ್ ಅಂತ ಹರಿಯುತ್ತದೆ. ಆ ತಂಡದವರ ಲೈಟಿಗೆ ಆಗಿದ್ದು ಅದೇ. ನೀವು ಬಿಸಿ ಲೈಟು ತರಲೇಬೇಡಿ. ಕಿಟಕಿ ಬೆಳಕಿಗೆ ಎದುರಾಗಿ ಒಂದು ಬಿಳೀ ಧೋತರ ಕಟ್ಟಿ. ನನ್ನ ತಮ್ಮನ ಮದುವೆಯಲ್ಲಿ ಫೋಟೋದವರು ಹಾಗೆ ಮಾಡಿದ್ದು ನೋಡಿದ್ದೇನೆ, ಮುಖದ ಮೇಲೆ ಬೆಳಕು ಚೆನ್ನಾಗಿ ಬಂತು.

ಚಾಚಿದ ಹಾಸನ್ನು ನಮ್ಮ ಮನೆಯಲ್ಲಿ ಯಾರಿಗೂ ದಾಟಲು ಬಿಡುವುದಿಲ್ಲ. ನಿಮ್ಮ ಹುಡುಗರಿಗೆ ಮೊದಲೇ ಹೇಳಿ. ಕೇಬಲ್ಲು, ಸ್ಟ್ಯಾಂಡು ಎಲ್ಲಿ ಇಡಬಹುದು ಅಂತ ದೊಡ್ಡವ್ವನನ್ನೇ ಕೇಳಿ ಬರೆದುಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಲೆಕ್ಕದಲ್ಲಿ 45,000 ಅಂದಿರಿ. ಅದರಲ್ಲಿ ಅವರ ಕೂಲಿ ಎಷ್ಟು ಬರೆದಿದ್ದೀರಿ? ಎರಡು ದಿನ ಶೂಟಿಂಗ್ ಅಂದರೆ ಅವರಿಗೆ ಎರಡು ದಿನದ ನೇಯ್ಗೆ ಹೋಯಿತು. ಸ್ವಂತ ದೊಡ್ಡವ್ವ ಆದರೂ ಅದು ಕೂಲಿಯೇ. ಊಟ, ಪೆಟ್ರೋಲು ಬರೆಯುವ ಮುಂಚೆ ಅದನ್ನು ಮೊದಲ ಸಾಲಿನಲ್ಲಿ ಬರೆಯಿರಿ.

ನೇಯ್ದ ಬಟ್ಟೆ ಸುತ್ತುತ್ತಾ ಹೋಗುತ್ತದೆ, ಅದನ್ನೂ ನೆನಪಿಡಿ. ಬೆಳಿಗ್ಗೆ ಕಂಡ ಅಂಚಿನ ಜಾಗ ಸಂಜೆಗೆ ಕಾಣುವುದಿಲ್ಲ. ಅದನ್ನು ಬಿಚ್ಚಿ ಹಿಂದಕ್ಕೆ ತರಲು ಆಗುವುದಿಲ್ಲ.

ಅಸೋಸಿಯೇಟ್ ಬರೆದದ್ದು:

ಅಕ್ಕಾ, ಕೊನೆಯ ಮಾತು ಲಕ್ಷ ರೂಪಾಯಿಯದು. ಇದು ಕಂಟಿನ್ಯುಟಿ, ಒಂದು ಶಾಟ್‌ನಲ್ಲಿ ಕಂಡದ್ದು ಮುಂದಿನದಕ್ಕೆ ಹೊಂದಬೇಕು ಅನ್ನುವುದು. 14 ವರ್ಷದಲ್ಲಿ ಇದು ನನಗೆ ಹೊಳೆದಿರಲಿಲ್ಲ. ಶೂಟಿಂಗ್ ಸ್ಕ್ರಿಪ್ಟಿನಲ್ಲಿ ಮಗ್ಗದ ಶಾಟ್‌ಗಳನ್ನು ನೇಯ್ಗೆಯ ಕ್ರಮದಲ್ಲೇ ಇಡಬೇಕು. ಬೇರೆ ಎಲ್ಲವನ್ನೂ ಹಿಂದೆ ಮುಂದೆ ಮಾಡಬಹುದು, ಇದನ್ನು ಮಾತ್ರ ಇಲ್ಲ.

ಇಳಕಲ್ ಹುಡುಗಿ ಬರೆದದ್ದು, ಎರಡು ವಾರದ ನಂತರ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಹೋಗಿ ಬಂದೆ. ಎರಡು ದಿನ ಕೂತೆ.

ಲಾಳಿ ಮೂರು ಸಲ ಎಣಿಸಿದೆ. ನಿಮಿಷಕ್ಕೆ 44, 45, 43. ಕಿಟಕಿ ಪೂರ್ವಕ್ಕಿದೆ. ಬಿಸಿಲು 7:20ಕ್ಕೆ ಗೋಡೆಗೆ ಬೀಳುತ್ತದೆ, 8 ಗಂಟೆಗೆ ದೊಡ್ಡವ್ವನ ಕೈಗೆ ಬರುತ್ತದೆ, 9:30ಕ್ಕೆ ಹೋಗಿಬಿಡುತ್ತದೆ. 63 ವರ್ಷ ಆ ಮನೆಯಲ್ಲಿ ಇದ್ದವಳು ಅವಳು, ಹತ್ತು ವರ್ಷ ಅಲ್ಲೇ ಬೆಳೆದವಳು ನಾನು. ಇದನ್ನು ಇಷ್ಟು ದಿನ ನೋಡೇ ಇರಲಿಲ್ಲ.

ಕಾಲು! ಯಾರೂ ಕಾಲು ತೋರಿಸುವುದಿಲ್ಲ. ಕುಣಿಯೊಳಗೆ ಅವಳ ಎರಡು ಕಾಲು ಒಂದಾದ ಮೇಲೊಂದು ತುಳಿಯುತ್ತಾ ಇರುತ್ತವೆ. ಬೆಳ್ಳಿಯ ಕಾಲುಂಗುರ ಸವೆದು ದಾರದಂತೆ ಆಗಿದೆ. ಫೋನನ್ನು ಕುಣಿಯೊಳಗೆ ಇಳಿಸಿ ಫೋಟೋ ತೆಗೆದೆ. ಅದನ್ನು ನೋಡಿ ಅವಳು, "ನನ್ನ ಕಾಲ ಇವು? ನಾನೂ ನೋಡಿದ್ದಿಲ್ಲವಾ" ಅಂದಳು. ಅದೇ ನನ್ನ ಶಾಟ್ 1 ಈಗ.

ಒಟ್ಟು 52 ಫೋಟೋ ತೆಗೆದೆ. ಟೈಮ್‌ಲೈನ್‌ನಲ್ಲಿ ಇಟ್ಟು ನೋಡಿ 38ಕ್ಕೆ ಇಳಿಸಿದೆ. ಹಾಡಿನ ಹಾಳೆ ಹೀಗೆ ಆಗಿದೆ. ಶುರುವಿನ ಬಿಜಿಎಂ 8 ಬಾರ್, ಪಲ್ಲವಿ 16, ಮೊದಲ ಬಿಜಿಎಂ 12, ಚರಣ 16, ಪಲ್ಲವಿ 8, ಎರಡನೇ ಬಿಜಿಎಂ 12, ಚರಣ 16, ಕೊನೆಯ ಪಲ್ಲವಿ 8. ಎರಡನೇ ಬಿಜಿಎಂ 2:30ಕ್ಕೆ ಶುರು, 3:00ಕ್ಕೆ ಮುಗಿಯುತ್ತದೆ. ಆ 30 ಸೆಕೆಂಡ್ ಪೂರ್ತಿ ಕೊಂಡಿಗೆ ಕೊಡಬೇಕು ಅಂತ ಇದ್ದೇನೆ. ನನ್ನ ಮುಖ ಬೇಡ, ಹೊಲ ಬೇಡ, ಏನೂ ಬೇಡ. ಗೆಳೆಯರು 30 ಸೆಕೆಂಡ್ ಒಂದೇ ಕೆಲಸ ತೋರಿಸಿದರೆ ಜನ ಮುಂದಕ್ಕೆ ಓಡಿಸುತ್ತಾರೆ ಅನ್ನುತ್ತಾರೆ. ನಿಮಗೇನನಿಸುತ್ತದೆ? ಮೊದಲ ಸಲ ಶೂಟಿಂಗ್ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ, ಒಂದೆರಡು ಸಾಲು ತೋರಿಸಿಕೊಡಿ ಸರ್.

ಅಸೋಸಿಯೇಟ್ ಬರೆದದ್ದು:

30 ಸೆಕೆಂಡೂ ಕೊಡಿ. ಅಳುಕಬೇಡಿ. ಆದರೆ ಒಂದೇ ಅಳತೆಯಲ್ಲಿ ಬೇಡ. 12 ಬಾರ್ ಇದೆ. ಮೊದಲ 6 ಬಾರ್, ಅಂದರೆ 15 ಸೆಕೆಂಡ್, ಬೆರಳುಗಳ ಒಂದೇ ಕ್ಲೋಸಪ್, ಕಟ್ ಇಲ್ಲ. ಆಮೇಲೆ 4 ಬಾರ್ ಮುಖ. ಕೊನೆಯ 2 ಬಾರ್ ವೈಡ್, ಇಡೀ ಕೋಣೆ. ಬೆರಳು ನೋಡಿ ನೋಡಿ ಅಭ್ಯಾಸವಾದ ಮೇಲೆ ಕೋಣೆ ತೋರಿಸಿದರೆ ಆಗ ಕೆಲಸ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

44ಕ್ಕೂ 48ಕ್ಕೂ ವ್ಯತ್ಯಾಸ ಸ್ವಲ್ಪವೇ. ಎಡಿಟ್‌ನಲ್ಲಿ ಲಾಳಿಯ ಶಾಟ್‌ಗಳಿಗೆ 109 ಪರ್ಸೆಂಟ್ ವೇಗ ಕೊಟ್ಟರೆ ಬೀಟಿಗೆ ಕೂರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಆ ಶಾಟ್‌ನಲ್ಲಿ ನೀವು ಹಾಡುತ್ತಾ ನಿಂತಿರಬಾರದು ಅಷ್ಟೇ.

ಸಾಲು ಹೀಗೆ ಬರೆಯಿರಿ:

ಶಾಟ್ 1. ಹಾಡಿನಲ್ಲಿ 0:00ರಿಂದ 0:10. ಒಳಗೆ, ಕುಣಿಯೊಳಗೆ. ಮೊದಲ ದಿನ ಬೆಳಿಗ್ಗೆ 8:00. ಫೋನು, ನೆಲದ ಮಟ್ಟ, ಅಲುಗಾಡಬಾರದು. 25 ಫ್ರೇಮ್, 1/50. ಹಾಡು ನುಡಿಸುವುದು ಬೇಡ. ಮಗ್ಗದ ಸದ್ದು ಬೇರೆಯಾಗಿ ರೆಕಾರ್ಡ್ ಮಾಡಬೇಕು. ಕಾಲುಂಗುರ ಇರಲಿ.

ಶಾಟ್ 9. ಹಾಡಿನಲ್ಲಿ 0:55ರಿಂದ 1:00, ಪಲ್ಲವಿಯ ಕೊನೇ ಸಾಲು. ಹೊರಗೆ, ಓಣಿ. ಮೊದಲ ದಿನ ಸಂಜೆ 5:15. ನೀವು ನಡೆಯುತ್ತಾ ಹಾಡುವುದು, ಸ್ಲೋ. 50 ಫ್ರೇಮ್, 1/100. ಹಾಡು ಎರಡರಷ್ಟು ವೇಗ. ಕ್ಯಾಮೆರಾ ಹಿಡಿದವರು ಹಿಂದಕ್ಕೆ ನಡೆಯಬೇಕು, ಅವರ ಬೆನ್ನು ಹಿಡಿದುಕೊಳ್ಳಲು ಒಬ್ಬರು.

ಶಾಟ್ 26. ಹಾಡಿನಲ್ಲಿ 2:30ರಿಂದ 2:45. ಒಳಗೆ, ಕೊಂಡಿ, ಬೆರಳು. ಸಮಯ ದೊಡ್ಡವ್ವ ಹೇಳಿದಾಗ. ಮೂರೂ ಕ್ಯಾಮೆರಾ ಒಟ್ಟಿಗೆ: ಒಂದು ಬೆರಳಿಗೆ, ಒಂದು ಮುಖಕ್ಕೆ, ಒಂದು ಬಾಗಿಲಲ್ಲಿ ವೈಡ್. ಶುರುವಾದ ಮೇಲೆ ನಿಲ್ಲಿಸುವುದಿಲ್ಲ. "ಕಟ್" ಅನ್ನುವವರು ದೊಡ್ಡವ್ವ. ಬ್ಯಾಟರಿ, ಕಾರ್ಡು ಹಿಂದಿನ ರಾತ್ರಿಯೇ ನೋಡಿಕೊಳ್ಳುವುದು. ಕೋಣೆಯಲ್ಲಿ ನಾಲ್ಕು ಜನಕ್ಕಿಂತ ಜಾಸ್ತಿ ಬೇಡ.

ದಿನಕ್ಕೆ 20 ಸೆಟಪ್ (ಕ್ಯಾಮೆರಾ ಹೊಸದಾಗಿ ಇಟ್ಟು ತೆಗೆಯುವುದು) ಮೀರಬೇಡಿ. 38 ಶಾಟ್ ಅಂದರೆ ಎರಡು ದಿನಕ್ಕೆ ಸರಿಯಾಗುತ್ತದೆ. ಕೊಂಡಿ ಇರುವ ದಿನ ಶಾಟ್ 26, 27, 28 (ಬೆರಳು, ಮುಖ, ವೈಡ್) ಬಿಟ್ಟು ಮಗ್ಗದ ಮನೆಯಲ್ಲಿ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ. ಅದು ಮುಗಿಯುವುದು ನಮ್ಮ ಕೈಯಲ್ಲಿಲ್ಲ. ಹೊಲ ಮಾತ್ರ ಸಂಜೆಗೆ ಇರಲಿ.

ಎಲ್ಲರಿಗೂ ಒಂದೊಂದು ಪ್ರತಿ ಪ್ರಿಂಟ್ ಹಾಕಿಸಿ ಕೊಡಿ. ದೊಡ್ಡವ್ವನಿಗೂ ಒಂದು. ಅವರಿಗೆ ಫೋಟೋ ಇರುವ ಹಾಳೆ ಕೊಟ್ಟು, ಯಾವುದು ಬೇಡ ಅಂತ ಕೇಳಿ.

ಇಳಕಲ್ ಹುಡುಗಿ ಬರೆದದ್ದು:

ಸರ್, ಹಾಳೆಗಳನ್ನು ಅಣ್ಣನ ಫೋನಿಗೆ ಕಳಿಸಿ ದೊಡ್ಡವ್ವನಿಗೆ ತೋರಿಸಲು ಹೇಳಿದೆ. ಎಲ್ಲ ನೋಡಿದಳಂತೆ. ಒಂದು ಬೇಡ ಅಂದಳು, ನಾನು ಅವಳ ಸೆರಗು ಹೊದ್ದು ಹೊಲದಲ್ಲಿ ಓಡುವುದು. "ಜೋಳದ ಎಲಿಗೆ ಸೀರಿ ಹರೀತದ" ಅಂದಳಂತೆ. ತೆಗೆದುಹಾಕಿದೆ. 37 ಉಳಿಯಿತು. ಆ ಜಾಗಕ್ಕೆ ಬರೀ ತೆನೆ.

ಬಜೆಟ್ಟಿನ ಮೊದಲ ಸಾಲಿನಲ್ಲಿ ಅವಳ ಕೂಲಿ ಬರೆದಿದ್ದೇನೆ ಅಕ್ಕ. ಡ್ರೋನ್ ಬಿಟ್ಟೆವು.

ನಿನ್ನೆ ರಾತ್ರಿ ಅವಳೇ ಫೋನ್ ಮಾಡಿದ್ದಳು. ಹೊಸ ಹಾಸು ಜನವರಿ ಎರಡನೇ ವಾರ ಏರಿಸುತ್ತಾಳೆ. ಬುಧವಾರ ಕೊಂಡಿ. ಹೊಲದ ಕಾಕಾ ಆ ತಿಂಗಳು ಕೊಯ್ಯುವುದಿಲ್ಲ ಅಂದಿದ್ದಾರೆ. ಏಪ್ರಿಲ್ ರಜೆ ವಾಪಸ್ ಕೊಟ್ಟು ಮಂಗಳವಾರ ರಾತ್ರಿಯ ಬಸ್ಸಿಗೆ ನಾಲ್ಕು ಟಿಕೆಟ್ ಮಾಡಿದೆ.